ಸೆರೆವಾಸ, ಶಿಕ್ಷೆ ಮತ್ತು ಬಂದಿಯ ಕುಟುಂಬ: ನ್ಯಾಮತಿ ತಾಲ್ಲೂಕಿನ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಕಾರಾಗೃಹ ಶಿಕ್ಷೆಯು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಗೆ ಮಾತ್ರ ಸಂಬಂಧಿಸಿದುದು. ವಾಸ್ತವದಲ್ಲಿ ಅದರ ಭಾರವು ಆ ವ್ಯಕ್ತಿಯ ದುಡಿಮೆಯನ್ನು ನಂಬಿದ ಮನೆಯವರ ಮೇಲೆ ಬೀಳುತ್ತದೆ. ಮೆಕ್ಕೆಜೋಳದ ಬಿತ್ತನೆಯ ಸಮಯದಲ್ಲಿ ಬಂಧನವಾದರೆ ಆ ವರ್ಷದ ಬೆಳೆ ಕೈತಪ್ಪುತ್ತದೆ. ಕೂಲಿಯ ಮನೆಯಾದರೆ ಅದೇ ವಾರದಿಂದ ಅಡಚಣೆ ಪ್ರಾರಂಭವಾಗುತ್ತದೆ. ಬಂದಿಗಳಿಗೂ ಅವರ ಕುಟುಂಬದವರಿಗೂ ಕಾನೂನು ಹಲವು ಹಕ್ಕುಗಳನ್ನು ಮತ್ತು ಸೌಲಭ್ಯಗಳನ್ನು ನೀಡಿದ್ದರೂ, ಅವುಗಳನ್ನು ಯಾವ ಹಂತದಲ್ಲಿ, ಯಾರ ಮುಂದೆ ಕೋರಬೇಕೆಂಬ ತಿಳಿವಳಿಕೆಯ ಕೊರತೆಯಿಂದ ಅನೇಕರು ಅಗತ್ಯಕ್ಕಿಂತ ಹೆಚ್ಚು ಕಾಲ ಸೆರೆಯಲ್ಲಿ ಉಳಿಯುತ್ತಾರೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹೊನ್ನಾಳಿ ತಾಲ್ಲೂಕಿನಿಂದ ಪ್ರತ್ಯೇಕಗೊಂಡು ರಚನೆಯಾದ ನ್ಯಾಮತಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮುನ್ನ ಈ ಭಾಗವು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಇಂದಿಗೂ ಇಲ್ಲಿನ ಜನರಿಗೆ ಶಿವಮೊಗ್ಗ ಹತ್ತಿರ, ದಾವಣಗೆರೆ ದೂರ. ಬಂದಿಯನ್ನು ನೋಡಲು ಹೊರಡುವ ಕುಟುಂಬಕ್ಕೆ ಈ ದೂರವೂ ಒಂದು ವೆಚ್ಚವೇ ಆಗಿರುತ್ತದೆ.

ಬಂದಿಗಳ ವರ್ಗೀಕರಣ

ಕಾರಾಗೃಹದಲ್ಲಿರುವವರೆಲ್ಲರೂ ಅಪರಾಧಿಗಳೆಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದ್ದು, ಇದು ಸರಿಯಾದುದಲ್ಲ. ನ್ಯಾಯಾಲಯವು ದೋಷಿಯೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿದವರನ್ನು ಶಿಕ್ಷಾಬಂದಿಗಳೆಂದೂ, ವಿಚಾರಣೆ ಮುಗಿಯದೆ ನ್ಯಾಯಾಂಗ ಬಂಧನದಲ್ಲಿರುವವರನ್ನು ವಿಚಾರಣಾಧೀನ ಬಂದಿಗಳೆಂದೂ ಕರೆಯಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿ ಅಂಶಗಳ ಪ್ರಕಾರ ದೇಶದ ಕಾರಾಗೃಹಗಳಲ್ಲಿದ್ದ ಸುಮಾರು 5.73 ಲಕ್ಷ ಬಂದಿಗಳ ಪೈಕಿ 4.34 ಲಕ್ಷ ಮಂದಿ, ಅಂದರೆ ಪ್ರತಿ ನಾಲ್ವರಲ್ಲಿ ಮೂವರು, ವಿಚಾರಣಾಧೀನ ಬಂದಿಗಳಾಗಿದ್ದರು. ಅದೇ ವರ್ಷ ಕಾರಾಗೃಹಗಳು ತಮ್ಮ ಸಾಮರ್ಥ್ಯದ ಶೇಕಡ 131ರಷ್ಟು ತುಂಬಿದ್ದವು. ಆದುದರಿಂದ ಸೆರೆವಾಸದ ಪರಿಣಾಮಗಳನ್ನು ಕುರಿತು ಹೇಳುವಾಗ ಬಹುಪಾಲು ಶಿಕ್ಷೆಯೇ ಆಗಿರದವರ ಸೆರೆವಾಸವನ್ನು ಕುರಿತು ಹೇಳಿದಂತಾಗುತ್ತದೆ.

ಬಂಧನವಾದ ಕೂಡಲೇ

ಬಂಧಿತನನ್ನು ಪ್ರಯಾಣದ ಸಮಯವನ್ನು ಹೊರತುಪಡಿಸಿ 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ಬಂಧನದ ಕಾರಣವನ್ನು ಬಂಧಿತನಿಗೂ, ಬಂಧನದ ವಿಷಯವನ್ನು ಆತನು ಸೂಚಿಸಿದ ಸಂಬಂಧಿಕರಿಗೂ ತಿಳಿಸತಕ್ಕದ್ದು. ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಆದೇಶಿಸಿದಲ್ಲಿ, ಬಂದಿಯು ದಾವಣಗೆರೆ ಜಿಲ್ಲಾ ಕಾರಾಗೃಹದಲ್ಲಿರುವನೇ ಅಥವಾ ಬೇರೆಡೆಯಲ್ಲಿರುವನೇ ಎಂಬುದನ್ನು ವಾರಂಟಿನಲ್ಲಿ ನಮೂದಿಸಿದ ಕಾರಾಗೃಹದ ಹೆಸರಿನಿಂದಲೇ ಖಚಿತಪಡಿಸಿಕೊಳ್ಳಬೇಕು. ದೀರ್ಘಾವಧಿಯ ಶಿಕ್ಷಾಬಂದಿಗಳನ್ನು ಸಾಮಾನ್ಯವಾಗಿ ಕೇಂದ್ರ ಕಾರಾಗೃಹಗಳಲ್ಲಿ ಇರಿಸಲಾಗುತ್ತದೆ. ಈ ಭಾಗಕ್ಕೆ ಸಮೀಪದ ಕೇಂದ್ರ ಕಾರಾಗೃಹವು ಶಿವಮೊಗ್ಗದ ಸೋಗಾನೆಯಲ್ಲಿದೆ.

ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲವೆಂದು ಸುಮ್ಮನಾಗುವ ಅವಶ್ಯಕತೆ ಇರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಪ್ರಕರಣದಂತೆ ಬಂಧನದಲ್ಲಿರುವ ಯಾವುದೇ ವ್ಯಕ್ತಿಯು, ಆತನ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹನಾಗಿರುತ್ತಾನೆ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೂ ಆದಾಯದ ಮಿತಿ ಅನ್ವಯಿಸುವುದಿಲ್ಲ. ಹೊನ್ನಾಳಿಯ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲೀ, ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲೀ ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯೊಂದಿಗೆ ಸಂಪರ್ಕಿಸಬಹುದು. ಬಂದಿಯು ಸ್ವತಃ ಕಾರಾಗೃಹದ ಅಧೀಕ್ಷಕರ ಮೂಲಕವೂ ಈ ಕೋರಿಕೆಯನ್ನು ಸಲ್ಲಿಸಬಹುದಾಗಿರುತ್ತದೆ. ಉಚಿತ ಸಹಾಯವಾಣಿ ಸಂಖ್ಯೆ 15100.

ಜಾಮೀನು: ಆದೇಶಕ್ಕೂ ಬಿಡುಗಡೆಗೂ ನಡುವೆ

ಜಾಮೀನು ಮಂಜೂರಾಯಿತೆಂದರೆ ಬಂದಿಯು ಅಂದೇ ಮನೆಗೆ ಬರುವನೆಂದು ಕುಟುಂಬದವರು ಭಾವಿಸುವುದು ಸಹಜ. ಆದರೆ ನ್ಯಾಯಾಲಯವು ವಿಧಿಸಿದ ಷರತ್ತಿನಂತೆ ಜಾಮೀನುದಾರರು ಮುಚ್ಚಳಿಕೆ ಬರೆದುಕೊಟ್ಟು, ಅದು ಅಂಗೀಕಾರವಾಗಿ, ಬಿಡುಗಡೆಯ ಆದೇಶವು ಕಾರಾಗೃಹಕ್ಕೆ ತಲುಪುವವರೆಗೂ ಬಂದಿಯು ಒಳಗೇ ಉಳಿಯುತ್ತಾನೆ. ಗ್ರಾಮೀಣ ಕುಟುಂಬಗಳು ಹೆಚ್ಚು ದಿನಗಳನ್ನು ಕಳೆದುಕೊಳ್ಳುವುದು ಈ ಹಂತದಲ್ಲಿಯೇ.

ಜಾಮೀನುದಾರರಿಂದ ಸಾಮಾನ್ಯವಾಗಿ ಗುರುತಿನ ದಾಖಲೆ ಮತ್ತು ಜಮೀನಿನ ಪಹಣಿಯನ್ನು ಕೇಳಲಾಗುತ್ತದೆ. ಕೆಲವೊಮ್ಮೆ ಮ್ಯುಟೇಷನ್ ಪ್ರತಿ ಅಥವಾ ಸಾಲ್ವೆನ್ಸಿ ಪ್ರಮಾಣಪತ್ರವನ್ನೂ ಕೇಳಬಹುದು. ಪಹಣಿ ಹಾಗೂ ಸಾಲ್ವೆನ್ಸಿ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಇಲ್ಲಿ ಎದುರಾಗುವ ಸಾಮಾನ್ಯ ತೊಡಕು ಪೌತಿ ಖಾತೆಯದು. ಜಮೀನನ್ನು ಉಳುತ್ತಿರುವವನು ಮಗ, ಪಹಣಿಯಲ್ಲಿರುವುದು ತೀರಿಕೊಂಡ ತಂದೆಯ ಅಥವಾ ತಾತನ ಹೆಸರು; ಆಗ ಆ ಪಹಣಿಯ ಆಧಾರದ ಮೇಲೆ ಜಾಮೀನು ನಿಲ್ಲಲು ಬರುವುದಿಲ್ಲ. ಬಗರ್ ಹುಕುಂ ಸಾಗುವಳಿದಾರರಿಗೂ, ಮನೆಯ ಹಕ್ಕುಪತ್ರ ಇನ್ನೂ ದೊರೆಯದ ತಾಂಡಾ ನಿವಾಸಿಗಳಿಗೂ ಇದೇ ತೊಂದರೆ. ಪೌತಿ ಖಾತೆ ಬದಲಾವಣೆಯನ್ನು ಸಕಾಲದಲ್ಲಿ ಮಾಡಿಸಿಕೊಳ್ಳಬೇಕೆಂದು ಕಂದಾಯ ಇಲಾಖೆಯು ಬೆಳೆ ಸಾಲ ಮತ್ತು ಪರಿಹಾರಗಳ ಸಂಬಂಧ ಹೇಳುತ್ತಾ ಬಂದಿದೆ. ಅದು ಒಬ್ಬ ಮನುಷ್ಯನ ಬಿಡುಗಡೆಗೂ ಸಂಬಂಧಿಸಿದ ಕಾಗದವೆಂಬುದು ಬಂಧನವಾದ ಮೇಲೆಯೇ ತಿಳಿಯುತ್ತದೆ.

ಈ ತೊಡಕಿನ ಸಮಯದಲ್ಲಿ ನ್ಯಾಯಾಲಯಗಳ ಸುತ್ತ ಹಣ ಪಡೆದು ಜಾಮೀನುದಾರರನ್ನು ಒದಗಿಸುವುದಾಗಿ ಹೇಳುವವರು ಕಾಣಿಸಿಕೊಳ್ಳುವುದುಂಟು. ಬೇರೊಬ್ಬರ ಅಥವಾ ನಕಲಿ ಪಹಣಿಯನ್ನು ಹಾಜರುಪಡಿಸಿ ಜಾಮೀನು ನಿಲ್ಲುವುದು ಪ್ರತ್ಯೇಕ ಅಪರಾಧವಾಗಿದ್ದು, ಪತ್ತೆಯಾದಲ್ಲಿ ಜಾಮೀನು ರದ್ದಾಗುವ ಸಂಭವವೂ ಇರುತ್ತದೆ. ಜಾಮೀನುದಾರರು ತಾವು ಈ ಹಿಂದೆ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇವೆಂಬುದನ್ನು ನ್ಯಾಯಾಲಯಕ್ಕೆ ಘೋಷಿಸುವುದು ಕಡ್ಡಾಯವಾಗಿರುತ್ತದೆ. ಕಾನೂನಿನಲ್ಲಿಯೇ ಇರುವ ಈ ಕೆಳಗಿನ ದಾರಿಗಳನ್ನು ಮೊದಲು ಅನುಸರಿಸುವುದು ಸೂಕ್ತ.

ಜಾಮೀನೀಯ ಅಪರಾಧಗಳಲ್ಲಿ, ಬಂಧನದ ದಿನದಿಂದ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದ ವ್ಯಕ್ತಿಯನ್ನು ನಿರ್ಗತಿಕನೆಂದು ಭಾವಿಸಿ, ಜಾಮೀನುದಾರರಿಲ್ಲದೆ ಆತನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡುಗಡೆ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 478ನೇ ಪ್ರಕರಣವು ತಿಳಿಸುತ್ತದೆ. ಸದರಿ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಜಾಮೀನುದಾರರಿಗೆ ಬದಲಾಗಿ ನಗದು ಠೇವಣಿ ಇರಿಸಲು ಅನುಮತಿ ನೀಡುವಂತೆಯೂ ನ್ಯಾಯಾಲಯವನ್ನು ಕೋರಬಹುದು.

2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನಗಳು ಇನ್ನೂ ಮುಖ್ಯವಾದವು. ಜಾಮೀನು ಆದೇಶದ ಪ್ರತಿಯನ್ನು ನ್ಯಾಯಾಲಯವು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಕಾರಾಗೃಹದ ಅಧೀಕ್ಷಕರಿಗೆ ಕಳುಹಿಸಬೇಕು. ಆದೇಶವಾದ ಏಳು ದಿನಗಳಲ್ಲಿ ಬಂದಿಯ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ನೀಡಲಾಗದಿದ್ದಲ್ಲಿ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯವು ತಾನಾಗಿಯೇ ಪರಿಗಣಿಸಬಹುದು. ಆದೇಶವಾಗಿ ವಾರ ಕಳೆದರೂ ಬಿಡುಗಡೆಯಾಗದ ಬಂದಿಯ ಮನೆಯವರು ಈ ನಿರ್ದೇಶನವನ್ನು ಉಲ್ಲೇಖಿಸಿ ದಾವಣಗೆರೆಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದು. ಯಾರಾದರೂ ತಿಳಿಸಿಯಾರೆಂದು ಕಾಯುವುದು ಬೇಡ.

ಕೇಂದ್ರ ಗೃಹ ಸಚಿವಾಲಯವು 2023ರಲ್ಲಿ ಆರಂಭಿಸಿದ ಬಡ ಬಂದಿಗಳ ನೆರವಿನ ಯೋಜನೆಯಡಿ, ಜಾಮೀನಿನ ಮೊತ್ತ ಒದಗಿಸಲಾಗದ ವಿಚಾರಣಾಧೀನ ಬಂದಿಗಳಿಗೆ 40,000 ರೂ.ವರೆಗೆ, ದಂಡ ಪಾವತಿಸಲಾಗದ ಶಿಕ್ಷಾಬಂದಿಗಳಿಗೆ 25,000 ರೂ.ವರೆಗೆ ನೆರವು ನೀಡಲು ಅವಕಾಶ ಕಲ್ಪಿಸಲಾಯಿತು. ಮಾದಕ ವಸ್ತು, ಭ್ರಷ್ಟಾಚಾರ ಮುಂತಾದ ಕೆಲವು ಕಾಯಿದೆಗಳಡಿಯ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಮೊತ್ತದ ಮಿತಿಯು ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ದಿನಗಳ ಲೆಕ್ಕ

ತನಿಖೆಯು 60 ದಿನಗಳಲ್ಲಿ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಹೆಚ್ಚಿನ ಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧಗಳಲ್ಲಿ 90 ದಿನಗಳಲ್ಲಿ, ಮುಗಿದು ದೋಷಾರೋಪಣೆ ಪಟ್ಟಿ ಸಲ್ಲಿಕೆಯಾಗದಿದ್ದರೆ ಬಂದಿಗೆ ಜಾಮೀನಿನ ಮೇಲೆ ಬಿಡುಗಡೆ ಹೊಂದುವ ಹಕ್ಕು ಲಭಿಸುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮುನ್ನವೇ ಈ ಹಕ್ಕನ್ನು ಕೋರಬೇಕು. ಅನಂತರ ಕೋರಿದಲ್ಲಿ ಅದು ಉಳಿಯುವುದಿಲ್ಲ.

ವಿಚಾರಣೆ ದೀರ್ಘಕಾಲ ನಡೆಯುವ ಪ್ರಕರಣಗಳಲ್ಲಿ ಮೇಲ್ಕಂಡ ಸಂಹಿತೆಯ 479ನೇ ಪ್ರಕರಣವು ಅನ್ವಯವಾಗುತ್ತದೆ. ಆರೋಪಿಸಲಾದ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ವಿಚಾರಣಾಧೀನ ಬಂದಿಯಾಗಿ ಕಳೆದವರನ್ನು, ಹಿಂದೆ ಯಾವುದೇ ಅಪರಾಧದಲ್ಲಿ ಶಿಕ್ಷೆಗೊಳಗಾಗದವರಾದರೆ ಮೂರನೇ ಒಂದರಷ್ಟು ಅವಧಿಯನ್ನು ಕಳೆದವರನ್ನು, ಬಿಡುಗಡೆ ಮಾಡಲು ಇದರಲ್ಲಿ ಅವಕಾಶವಿದೆ. ಉದಾಹರಣೆಗೆ, ಗರಿಷ್ಠ ಮೂರು ವರ್ಷ ಶಿಕ್ಷೆಯ ಸಾಮಾನ್ಯ ಕಳವಿನ ಆರೋಪದಲ್ಲಿ ಮೊದಲ ಬಾರಿಗೆ ಸಿಲುಕಿದವನಿಗೆ ಒಂದು ವರ್ಷ ತುಂಬಿದಾಗ ಈ ಹಂತ ಬರುತ್ತದೆ. ಅವಧಿ ಪೂರ್ಣಗೊಂಡ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಕಾರಾಗೃಹದ ಅಧೀಕ್ಷಕರ ಕರ್ತವ್ಯವಾಗಿರುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಈ ಸೌಲಭ್ಯವಿಲ್ಲ. ಸಂಹಿತೆ ಜಾರಿಗೆ ಬರುವ ಮುನ್ನ ದಾಖಲಾದ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಬಂಧನದ ದಿನಾಂಕವನ್ನು ಕುಟುಂಬದವರು ಬರೆದಿಟ್ಟುಕೊಳ್ಳುವುದು ಅವಶ್ಯ. ಮುಂದೆ ಶಿಕ್ಷೆಯಾದರೂ ವಿಚಾರಣೆಯ ಅವಧಿಯಲ್ಲಿ ಸೆರೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯಲಾಗುತ್ತದೆ. ದಂಡ ಕಟ್ಟದ ಕಾರಣ ಹೆಚ್ಚುವರಿ ಸೆರೆವಾಸ ಅನುಭವಿಸುತ್ತಿರುವವರು ಯಾವ ದಿನ ದಂಡ ಪಾವತಿಸಿದರೂ ಆ ಸೆರೆವಾಸ ಅಂದಿಗೆ ಕೊನೆಗೊಳ್ಳುತ್ತದೆ. ಭಾಗಶಃ ಪಾವತಿಸಿದಲ್ಲಿ ಅದಕ್ಕೆ ಅನುಗುಣವಾಗಿ ಅವಧಿ ಕಡಿಮೆಯಾಗುತ್ತದೆ.

ಬೆಂಗಳೂರಿನಿಂದ ಬಂದ ಒಂದು ಪತ್ರ

ಕಾರಾಗೃಹದ ಒಳಗಿನ ಸ್ಥಿತಿಗತಿಗಳ ಕುರಿತು ದೇಶದಲ್ಲಿಯೇ ಪ್ರಮುಖವೆನಿಸಿದ ತೀರ್ಪೊಂದು ಕರ್ನಾಟಕದ ಬಂದಿಯೊಬ್ಬರ ಪತ್ರದಿಂದ ಹುಟ್ಟಿಕೊಂಡಿತು. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದಿಂದ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆಯಲಾದ ಆ ಪತ್ರದಲ್ಲಿ ತಿನ್ನಲು ಯೋಗ್ಯವಲ್ಲದ ಆಹಾರ ಹಾಗೂ ದೈಹಿಕ, ಮಾನಸಿಕ ಹಿಂಸೆಯ ದೂರುಗಳಿದ್ದವು. ಪತ್ರವನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್‌ನಲ್ಲಿ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ತೀರ್ಪು ನೀಡಿತು. ಪತ್ರಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷಗಳಾದವು ಎಂಬುದನ್ನೂ ಇಲ್ಲಿ ಗಮನಿಸಬೇಕು. ತೀರ್ಪು ಗುರುತಿಸಿದ ಸಮಸ್ಯೆಗಳಲ್ಲಿ ವಿಚಾರಣೆಯ ವಿಳಂಬವೂ ಒಂದಾಗಿತ್ತು.

ಕಾರಾಗೃಹ ವ್ಯವಸ್ಥೆಯನ್ನು ಬಾಧಿಸುವ ಒಂಬತ್ತು ಸಮಸ್ಯೆಗಳನ್ನು ನ್ಯಾಯಾಲಯವು ಹೆಸರಿಸಿತು: ಮಿತಿಮೀರಿದ ಬಂದಿಗಳ ಸಂಖ್ಯೆ, ವಿಚಾರಣೆಯ ವಿಳಂಬ, ಹಿಂಸೆ ಮತ್ತು ದುರ್ವರ್ತನೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ, ಸಾಲದ ಆಹಾರ ಮತ್ತು ಬಟ್ಟೆ, ಕಾರಾಗೃಹದೊಳಗಿನ ದುಶ್ಚಟಗಳು, ಹೊರಗಿನವರೊಂದಿಗೆ ಸಂಪರ್ಕದ ಕೊರತೆ, ಸಂದರ್ಶನದ ಅವ್ಯವಸ್ಥೆ ಹಾಗೂ ಬಯಲು ಬಂದೀಖಾನೆಗಳ ನಿರ್ವಹಣೆ. ಈ ಪಟ್ಟಿಯಲ್ಲಿ ಎರಡು ಅಂಶಗಳು ಬಂದಿ ಮತ್ತು ಆತನ ಮನೆಯ ನಡುವಿನ ಸಂಪರ್ಕಕ್ಕೇ ಸಂಬಂಧಿಸಿವೆ. ಕಾಗದ ಬರೆಯಲು, ಮನೆಯವರನ್ನು ಕಾಣಲು ಇರುವ ಅವಕಾಶವನ್ನು ಔದಾರ್ಯವೆಂದು ನೋಡದೆ ಬಂದಿಯ ಅಗತ್ಯವೆಂದು ನೋಡಿದುದು ಈ ತೀರ್ಪಿನ ವಿಶೇಷ.

ಸಂದರ್ಶನ

ಬಂದಿಯನ್ನು ಕಾಣಬಯಸುವವರು ಭಾವಚಿತ್ರವಿರುವ ಗುರುತಿನ ದಾಖಲೆಯ ಮೂಲ ಪ್ರತಿಯೊಂದಿಗೆ ಕಾರಾಗೃಹದಲ್ಲಿ ಹೆಸರು ನೋಂದಾಯಿಸತಕ್ಕದ್ದು. ಸಂದರ್ಶನದ ದಿನ ಮತ್ತು ವೇಳೆಯು ವಿಚಾರಣಾಧೀನ ಬಂದಿಗಳಿಗೂ ಶಿಕ್ಷಾಬಂದಿಗಳಿಗೂ ಬೇರೆ ಬೇರೆಯಾಗಿರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಬಸ್ಸಿನಲ್ಲಿ ಅರ್ಧ ದಿನ ಪ್ರಯಾಣಿಸಿ ವೇಳೆ ಮೀರಿತೆಂದು ಹಿಂದಿರುಗುವ ಸಂದರ್ಭಗಳಿವೆ. ಇ-ಮುಲಾಕಾತ್ ವ್ಯವಸ್ಥೆಯ ಮೂಲಕ ಭೇಟಿಯನ್ನು ಮುಂಗಡವಾಗಿ ನೋಂದಾಯಿಸಲೂ, ವಿಡಿಯೋ ಮೂಲಕ ಮಾತನಾಡಲು ಕೋರಲೂ ಅವಕಾಶವಿದೆ. ವಯಸ್ಸಾದ ತಂದೆ ತಾಯಿಗಳಿಗೆ, ಶಾಲೆ ತಪ್ಪಿಸಲಾಗದ ಮಕ್ಕಳಿಗೆ ಇದು ಉಪಯುಕ್ತ. ಆಹಾರ, ಬಟ್ಟೆ ಮುಂತಾದವುಗಳನ್ನು ತಪಾಸಣೆಗೆ ಒಳಪಡಿಸಿ ನಿಯಮಾನುಸಾರ ಮಾತ್ರ ಸ್ವೀಕರಿಸಲಾಗುತ್ತದೆ. ಮೊಬೈಲ್ ದೂರವಾಣಿ, ಬೀಡಿ, ಸಿಗರೇಟು, ಮಾದಕ ವಸ್ತುಗಳನ್ನು ಒಳಗೆ ಸಾಗಿಸಲು ಯತ್ನಿಸಿದಲ್ಲಿ ಸಂದರ್ಶಕರ ಮೇಲೆಯೇ ಕ್ರಮ ಜರುಗಿಸಲಾಗುತ್ತದೆ.

ತಾಯಿಯು ಬಂದಿಯಾಗಿದ್ದಲ್ಲಿ ಆರು ವರ್ಷ ತುಂಬುವವರೆಗೆ ಮಗುವು ಆಕೆಯೊಂದಿಗೆ ಇರಬಹುದೆಂದು 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಅಂತಹ ಮಗುವನ್ನು ಬಂದಿಯೆಂದು ಪರಿಗಣಿಸುವಂತಿಲ್ಲ. ಆಹಾರ, ಚಿಕಿತ್ಸೆ, ಶಿಕ್ಷಣ ಮತ್ತು ಆಟಕ್ಕೆ ಆ ಮಗು ಹಕ್ಕುದಾರನಾಗಿರುತ್ತದೆ.

ಸೆರೆವಾಸ ಮತ್ತು ಮನಸ್ಸು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹವಾದುದು. ಪರೀಕ್ಷೆಗೊಳಗಾದವರಲ್ಲಿ ಸುಮಾರು ಶೇಕಡ 80ರಷ್ಟು ಮಂದಿಯಲ್ಲಿ ಮಾನಸಿಕ ಅಸ್ವಸ್ಥತೆ ಅಥವಾ ತಂಬಾಕು, ಮದ್ಯ ಮೊದಲಾದವುಗಳ ಬಳಕೆಯ ಸಮಸ್ಯೆ ಕಂಡುಬಂದಿತು. ದುಶ್ಚಟಗಳ ಸಮಸ್ಯೆಯನ್ನು ಹೊರತುಪಡಿಸಿದರೂ ಶೇಕಡ 27ಕ್ಕಿಂತ ಹೆಚ್ಚು ಮಂದಿಯಲ್ಲಿ ಮಾನಸಿಕ ಅಸ್ವಸ್ಥತೆ ಇತ್ತು. ಇವರಲ್ಲಿ ಕೆಲವರು ಕಾಯಿಲೆಯೊಂದಿಗೇ ಒಳಗೆ ಬಂದವರಿರಬಹುದು, ಕೆಲವರು ಒಳಗೆ ಬಂದ ಮೇಲೆ ಅಸ್ವಸ್ಥರಾದವರಿರಬಹುದು. ಇಬ್ಬರಿಗೂ ಚಿಕಿತ್ಸೆಯ ಅಗತ್ಯ ಒಂದೇ.

ಬಂಧನಕ್ಕೆ ಮುಂಚಿನಿಂದ ಮಾತ್ರೆ ಸೇವಿಸುತ್ತಿದ್ದ ವ್ಯಕ್ತಿಯ ವಿಷಯದಲ್ಲಿ ಮನೆಯವರು ವೈದ್ಯರ ಚೀಟಿಯ ಪ್ರತಿಯನ್ನು ಕಾರಾಗೃಹದ ವೈದ್ಯಾಧಿಕಾರಿಗೆ ತಲುಪಿಸತಕ್ಕದ್ದು. ಮೂರ್ಛೆರೋಗ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಗಳಲ್ಲಿ ಔಷಧಿ ಕೆಲವು ದಿನ ತಪ್ಪಿದರೂ ಅಪಾಯವುಂಟಾಗಬಹುದು. ನಾಚಿಕೆಯಿಂದ ಕಾಯಿಲೆಯನ್ನು ಮರೆಮಾಚುವುದು ಬಂದಿಗೆ ಹಾನಿಕರ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರಲ್ಲಿ ಬಂದಿಗಳ ಚಿಕಿತ್ಸೆಗಾಗಿ ಪ್ರತ್ಯೇಕ ಉಪಬಂಧವಿದೆ. ಸಂದರ್ಶನದ ಸಮಯದಲ್ಲಿ ಬಂದಿಯು ಮಾತು ಬಿಟ್ಟಿರುವುದು, ಊಟ ಬಿಟ್ಟಿರುವುದು ಅಥವಾ ಜೀವ ಕಳೆದುಕೊಳ್ಳುವ ಮಾತನಾಡುವುದು ಕಂಡುಬಂದಲ್ಲಿ ಅಂದೇ ಅಧೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು.

ದುಡಿಮೆ, ಕಲಿಕೆ, ರಂಗಭೂಮಿ

ಕಠಿಣ ಸೆರೆವಾಸಕ್ಕೆ ಗುರಿಯಾದ ಬಂದಿಗಳಿಗೆ ನೇಯ್ಗೆ, ಬಡಗಿ ಕೆಲಸ, ಹೊಲಿಗೆ, ತೋಟಗಾರಿಕೆ ಮುಂತಾದ ಕೆಲಸಗಳನ್ನು ನೀಡಲಾಗುತ್ತದೆ. ಬಂದಿಯ ದುಡಿಮೆಗೆ ನ್ಯಾಯೋಚಿತ ಕೂಲಿ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಗುಜರಾತ್ ರಾಜ್ಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಮಾನಿಸಿತು. ಆ ಕೂಲಿಯ ಒಂದು ಪಾಲನ್ನು ಅಪರಾಧದಿಂದ ನೊಂದವರಿಗೆ ನೀಡುವ ಬಗ್ಗೆ ಕಾನೂನು ರೂಪಿಸಬೇಕೆಂದೂ ಹೇಳಿತು. ಕರ್ನಾಟಕದಲ್ಲಿ 2022-23ರ ಪರಿಷ್ಕರಣೆಯಂತೆ ಬಂದಿಗಳ ದಿನಗೂಲಿಯನ್ನು ಕೌಶಲ್ಯಕ್ಕೆ ಅನುಗುಣವಾಗಿ 524 ರೂ.ಗಳಿಂದ 663 ರೂ.ಗಳವರೆಗೆ ನಿಗದಿಪಡಿಸಲಾಯಿತು. ಬಂದಿಯು ಗಳಿಸಿದ ಹಣವನ್ನು ನಿಯಮಾನುಸಾರ ಮನೆಗೆ ಕಳುಹಿಸಲು ಅವಕಾಶವಿರುತ್ತದೆ. ಕುಟುಂಬದವರು ಈ ಬಗ್ಗೆ ಕೇಳುವುದು ಅಪರೂಪ.

ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ರಾಜ್ಯದ ಕಾರಾಗೃಹಗಳಲ್ಲಿ ಬಂದಿಗಳಿಂದ ನಾಟಕಗಳನ್ನು ಆಡಿಸಿದ್ದು ಬಹುಜನರಿಗೆ ತಿಳಿದ ವಿಷಯ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಜೀವಾವಧಿ ಬಂದಿಗಳು ಕಾರಾಗೃಹದ ಹೊರಗಿನ ರಂಗಮಂದಿರಗಳಲ್ಲಿಯೂ ಅಭಿನಯಿಸಿದರು. ಕೊಲೆ ಮತ್ತು ಪಶ್ಚಾತ್ತಾಪದ ಕಥೆಯನ್ನು ಅದನ್ನು ಬಲ್ಲವರೇ ಆಡುವುದನ್ನು ಕಂಡ ಪ್ರೇಕ್ಷಕರಿಗೆ ಬಂದಿಯು ದಾಖಲೆಯಲ್ಲಿನ ಸಂಖ್ಯೆಯಾಗಿ ಉಳಿಯಲಿಲ್ಲ.

ಪೆರೋಲ್ ಮತ್ತು ಅವಧಿಪೂರ್ವ ಬಿಡುಗಡೆ

ಶಿಕ್ಷಾಬಂದಿಯು ತಂದೆ ತಾಯಿಯ ತೀವ್ರ ಅನಾರೋಗ್ಯ, ಕುಟುಂಬದಲ್ಲಿ ಸಾವು, ಮಕ್ಕಳ ವಿವಾಹ, ಮನೆ ದುರಸ್ತಿ, ವ್ಯವಸಾಯ ಮುಂತಾದ ಕಾರಣಗಳಿಗಾಗಿ ಪೆರೋಲ್ ಕೋರಬಹುದು. ಬಂದಿಯಾಗಲೀ ಕುಟುಂಬದವರಾಗಲೀ ಕಾರಾಗೃಹದ ಅಧೀಕ್ಷಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಬಂದಿಯು ಬಂದು ಇರಲಿರುವ ಊರಿನ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಂಡು ಅನಂತರ ತೀರ್ಮಾನ ಕೈಗೊಳ್ಳಲಾಗುತ್ತದೆ. ಆದ್ದರಿಂದ ನ್ಯಾಮತಿ ತಾಲ್ಲೂಕಿನ ಬಂದಿಯ ವಿಷಯದಲ್ಲಿ ಸ್ಥಳೀಯ ಠಾಣೆಯವರು ವಿಚಾರಣೆಗೆ ಬಂದಾಗ ಮನೆಯವರು ಹಾಜರಿದ್ದು, ವೈದ್ಯಕೀಯ ದಾಖಲೆ ಅಥವಾ ಲಗ್ನಪತ್ರಿಕೆಯ ಪ್ರತಿಯನ್ನು ನೀಡಿದಲ್ಲಿ ವಿಳಂಬ ತಪ್ಪುತ್ತದೆ. ನೊಂದ ಕುಟುಂಬವೂ ಅದೇ ಊರಿನಲ್ಲಿದ್ದರೆ ಅವರ ಸುರಕ್ಷತೆಯನ್ನೂ ವರದಿಯಲ್ಲಿ ಪರಿಗಣಿಸಲಾಗುತ್ತದೆ. ಅದು ನ್ಯಾಯವೂ ಹೌದು. ಅವಧಿ ಮುಗಿದ ದಿನ ಕಾರಾಗೃಹಕ್ಕೆ ಹಿಂದಿರುಗದಿದ್ದಲ್ಲಿ ಹೊಸ ಪ್ರಕರಣ ದಾಖಲಾಗುವುದಲ್ಲದೆ ಮುಂದಿನ ಸೌಲಭ್ಯಗಳು ಕೈತಪ್ಪುತ್ತವೆ.

ಜೀವಾವಧಿ ಶಿಕ್ಷೆಯೆಂದರೆ ಹದಿನಾಲ್ಕು ವರ್ಷವೆಂಬ ನಂಬಿಕೆ ತಪ್ಪಾದುದು. ಜೀವಾವಧಿ ಎಂದರೆ ಬಂದಿಯ ಉಳಿದ ಆಯುಷ್ಯ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು ಕನಿಷ್ಠ ಹದಿನಾಲ್ಕು ವರ್ಷ ವಾಸ್ತವ ಸೆರೆವಾಸ ಅನುಭವಿಸದೆ ಸಾಮಾನ್ಯ ಕಾನೂನಿನಡಿ ಅವಧಿಪೂರ್ವ ಬಿಡುಗಡೆಗೆ ಪರಿಗಣಿತರಾಗುವುದಿಲ್ಲ. ಅದು ಪರಿಗಣನೆಯ ಅರ್ಹತೆಯೇ ಹೊರತು ಬಿಡುಗಡೆಯ ಭರವಸೆಯಲ್ಲ. ಈ ಲೆಕ್ಕಕ್ಕೆ ಪೆರೋಲ್ ದಿನಗಳು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತಿಳಿಸಿದೆ.

ಕಳಂಕದ ವಿಷಯ

ಬಿಡುಗಡೆಯಾದವನು ಊರಿಗೆ ಹಿಂದಿರುಗಿದಾಗ ಶಿಕ್ಷೆ ಮುಗಿದಿರುವುದಿಲ್ಲ. ಕೆಲಸ ಕೊಡುವವರು ಹಿಂಜರಿಯುತ್ತಾರೆ, ಸಂಬಂಧ ಬೆಳೆಸುವವರು ಹಿಂದೆ ಸರಿಯುತ್ತಾರೆ, ಮಕ್ಕಳಿಗೆ ಶಾಲೆಯಲ್ಲಿ ಅಡ್ಡ ಹೆಸರು ಬೀಳುತ್ತದೆ. ಜೈಲಿಗೆ ಹೋಗಿಬಂದವರನ್ನು ಈ ಸೀಮೆಯು ಸದಾ ಒಂದೇ ಕಣ್ಣಿನಿಂದ ನೋಡಿಲ್ಲವೆಂಬುದೂ ನಿಜ. ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು 1942ರಲ್ಲಿ ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಘೋಷಿಸಿದಾಗ ಅನೇಕರು ಸೆರೆವಾಸ ಅನುಭವಿಸಿದರು. ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಆ ಮನೆಗಳಿಗೆ ಜೈಲು ಗೌರವವನ್ನು ತಂದಿತು.

ಇದಕ್ಕೆ ವಿರುದ್ಧವಾಗಿ, ಯಾವ ತಪ್ಪನ್ನೂ ಮಾಡದವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟ ಕಾನೂನೂ ಈ ದೇಶದಲ್ಲಿತ್ತು. ಬ್ರಿಟಿಷ್ ಸರ್ಕಾರವು 1871ರಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಕಾಲಾಂತರದಲ್ಲಿ ಅನೇಕ ಅಲೆಮಾರಿ ಸಮುದಾಯಗಳನ್ನು, ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿಗರನ್ನೂ, ಪಟ್ಟಿ ಮಾಡಲಾಯಿತು. ಪಟ್ಟಿಗೆ ಸೇರಿದವರು ಠಾಣೆಯಲ್ಲಿ ಹಾಜರಿ ಹಾಕಬೇಕಿತ್ತು. ಊರು ಬಿಡಲು ಅನುಮತಿ ಬೇಕಿತ್ತು. ಹುಬ್ಬಳ್ಳಿಯಲ್ಲಿ ಇಂದಿಗೂ ಸೆಟ್ಲ್‌ಮೆಂಟ್ ಎಂದು ಕರೆಯಲ್ಪಡುವ ಬಡಾವಣೆಯು ಅಂತಹ ಜನರನ್ನು ಬೇಲಿಯೊಳಗೆ ಇರಿಸಿದ ಸ್ಥಳದ ಹೆಸರು. 1952ರ ಆಗಸ್ಟ್ 31ರಂದು ಸದರಿ ಕಾಯಿದೆ ರದ್ದಾಯಿತು. ಆದರೆ ಅದರ ನಂತರ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಹಳೆಯ ಸಂಶಯವು ಠಾಣೆಗಳ ಮತ್ತು ಕಾರಾಗೃಹಗಳ ವಹಿಗಳಲ್ಲಿ ಮುಂದುವರಿಯಿತು.

ಈ ಇತಿಹಾಸವು ನ್ಯಾಮತಿ ತಾಲ್ಲೂಕಿಗೆ ಹೊರಗಿನದಲ್ಲ. ಬಂಜಾರ ಸಮುದಾಯವು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳವೆನಿಸಿದ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲಿಯೇ ಇದೆ. ಫೆಬ್ರವರಿಯ ಜಯಂತಿಗೆ ಹೊರ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾರಾಗೃಹಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವುದು ಸಂವಿಧಾನಬಾಹಿರವೆಂದು ತೀರ್ಪಿತ್ತು, ಬಂದಿಗಳ ವಹಿಗಳಿಂದ ಜಾತಿಯ ಕಾಲಂ ತೆಗೆದುಹಾಕಲು ಆದೇಶಿಸಿತು. ವಿಮುಕ್ತ ಬುಡಕಟ್ಟಿನವರೆಂಬ ಕಾರಣದಿಂದ ಯಾರನ್ನೂ ರೂಢಿಗತ ಅಪರಾಧಿಯೆಂದು ಕರೆಯುವಂತಿಲ್ಲ, ಮನಬಂದಂತೆ ಬಂಧಿಸುವಂತಿಲ್ಲವೆಂದೂ ಹೇಳಿತು. ಇದಕ್ಕೆ ವ್ಯತಿರಿಕ್ತವಾದ ಅನುಭವವಾದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ದೂರು ನೀಡಬಹುದು.

ಸೆರೆವಾಸವಿಲ್ಲದ ಶಿಕ್ಷೆ ಹಾಗೂ ದಾಖಲೆಗಳು

ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿ ಸಮುದಾಯ ಸೇವೆಯನ್ನು ಪ್ರಥಮ ಬಾರಿಗೆ ಶಿಕ್ಷೆಯ ಒಂದು ವಿಧವಾಗಿ ಸೇರಿಸಲಾಗಿದೆ. 5,000 ರೂ.ಗಿಂತ ಕಡಿಮೆ ಮೌಲ್ಯದ ವಸ್ತುವನ್ನು ಪ್ರಥಮ ಬಾರಿಗೆ ಕಳವು ಮಾಡಿ ಅದನ್ನು ಹಿಂದಿರುಗಿಸಿದವರು, ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ಮಾಡಿ ಅಸಭ್ಯವಾಗಿ ವರ್ತಿಸಿದವರು ಮುಂತಾದವರಿಗೆ ಇದು ಅನ್ವಯಿಸಬಹುದು.

ಇದಕ್ಕಿಂತ ಹಳೆಯದೂ ಹೆಚ್ಚು ವ್ಯಾಪಕವೂ ಆದುದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ದೋಷಿಯೆಂದು ತೀರ್ಮಾನವಾದ ನಂತರವೂ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಲು ಇದು ನ್ಯಾಯಾಲಯಕ್ಕೆ ಅಧಿಕಾರ ನೀಡುತ್ತದೆ. 21 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಸೆರೆವಾಸಕ್ಕೆ ಕಳುಹಿಸುವುದಾದರೆ, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಹೊರತುಪಡಿಸಿ, ನ್ಯಾಯಾಲಯವು ಅದಕ್ಕೆ ಕಾರಣಗಳನ್ನು ದಾಖಲಿಸಬೇಕು. ಅನೇಕ ಪ್ರಕರಣಗಳಲ್ಲಿ ಈ ಸೌಲಭ್ಯವನ್ನು ಕೋರುವುದನ್ನೇ ಮರೆಯಲಾಗುತ್ತದೆ. ಹೀಗೆ ಬಿಡುಗಡೆಯಾದವರಿಗೆ ಆ ಶಿಕ್ಷೆಯ ಕಾರಣದಿಂದ ಯಾವುದೇ ಕಾನೂನಿನಡಿ ಅನರ್ಹತೆ ಅಂಟುವುದಿಲ್ಲವೆಂದು 12ನೇ ಪ್ರಕರಣವು ಹೇಳುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಲಾಕಪ್ಪಿನಲ್ಲಾಗಲೀ ಕಾರಾಗೃಹದಲ್ಲಾಗಲೀ ಇರಿಸುವಂತೆಯೇ ಇಲ್ಲ.

ಸೆರೆಯಲ್ಲಿರುವವರು ಮತ ಚಲಾಯಿಸುವಂತಿಲ್ಲವಾದರೂ ಅವರ ಹೆಸರು ಮತದಾರರ ಪಟ್ಟಿಯಲ್ಲಿ ಮುಂದುವರಿಯುತ್ತದೆ. ಜಾಮೀನಿನ ಮೇಲೆ ಹೊರಗಿರುವವರು ಮತ ಚಲಾಯಿಸಬಹುದು. ಉದ್ಯೋಗಕ್ಕಾಗಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕಾದವರು ಸೇವಾಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಹಿಂದಿನ ಪ್ರಕರಣವನ್ನು ಮುಚ್ಚಿಡುವುದು ಪ್ರಕರಣಕ್ಕಿಂತ ಹೆಚ್ಚು ತೊಂದರೆ ತರುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸತ್ಯವನ್ನು ತಿಳಿಸಿದ ಅಭ್ಯರ್ಥಿಯ ವಿಷಯದಲ್ಲಿ ಅಪರಾಧದ ಸ್ವರೂಪವನ್ನು ಗಮನಿಸಿ ತೀರ್ಮಾನಿಸಬೇಕೆಂದೂ, ಹರೆಯದಲ್ಲಿ ನಡೆದ ಕ್ಷುಲ್ಲಕ ಘಟನೆಗಳನ್ನು ಕ್ಷಮಿಸಬಹುದೆಂದೂ ಹೇಳಿದೆ. ಖುಲಾಸೆಯಾದವರು ತೀರ್ಪಿನ ದೃಢೀಕೃತ ನಕಲನ್ನೂ, ಸನ್ನಡತೆಯ ಮೇಲೆ ಬಿಡುಗಡೆಯಾದವರು 12ನೇ ಪ್ರಕರಣವನ್ನು ಉಲ್ಲೇಖಿಸಿದ ಆದೇಶದ ನಕಲನ್ನೂ ತೀರ್ಪು ನೀಡಿದ ನ್ಯಾಯಾಲಯದ ನಕಲು ಶಾಖೆಯಿಂದ ಪಡೆದು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು. ವರ್ಷಗಳು ಕಳೆದಂತೆ ಕಡತವನ್ನು ದಾಖಲೆ ಕೊಠಡಿಯಲ್ಲಿ ಹುಡುಕಿಸುವುದು ಕಷ್ಟವಾಗುವುದರಿಂದ ತೀರ್ಪು ಬಂದ ತಿಂಗಳಿನಲ್ಲಿಯೇ ಎರಡು ನಕಲುಗಳನ್ನು ಪಡೆದಿಟ್ಟುಕೊಳ್ಳುವುದು.